ಬರೀ 64 ಅಂದರೆ ಎಷ್ಟು? ಪೋಸ್ಟ್‌ಗ್ರೆಸ್ ಸೆಟ್ಟಿಂಗ್‌ಗಳಲ್ಲಿ ಅಳತೆ ಬರೆಯುವ ಕ್ರಮ

ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್ ಸರ್ವರಿನ ಕಾನ್ಫಿಗ್ ಫೈಲಿನಲ್ಲಿ, ಸಾರ್ಟ್‌ನಂಥ ಕೆಲಸಕ್ಕೆ ಮೆಮೊರಿ ಕೊಡುವ ಸೆಟ್ಟಿಂಗ್‌ಗೆ, ವರ್ಕ್_ಮೆಮ್ = 64 ಎಂದು ಬರೆದು ರೀಲೋಡ್ ಮಾಡಿದರೆ (ಫೈಲನ್ನು ಮತ್ತೆ ಓದಿಸಿದರೆ) ಸರ್ವರ್ ತಕರಾರಿಲ್ಲದೆ ಒಪ್ಪಿಕೊಳ್ಳುತ್ತದೆ. ಬರೆದವರ ಮನಸ್ಸಿನಲ್ಲಿದ್ದದ್ದು 64 ಎಂಬಿ, ಸರ್ವರ್ ಓದಿಕೊಂಡದ್ದು 64 ಕೆಬಿ. ಡೀಫಾಲ್ಟ್ 4 ಎಂಬಿ ಸಾಲದೆಂದು ಹೆಚ್ಚಿಸಲು ಹೋಗಿ, ಇದ್ದದ್ದನ್ನು 64ರಲ್ಲಿ ಒಂದು ಪಾಲಿಗೆ ಇಳಿಸಿದಂತಾಯಿತು. ದಿನಸಿ ಅಂಗಡಿಯಲ್ಲಿ ‘ಅಕ್ಕಿ ಎರಡು ಕೊಡಿ’ ಎಂದರೆ ಸೇರೋ ಮೂಟೆಯೋ ಎಂದು ಕೇಳುತ್ತಾರೆ. ಸರ್ವರ್ ಕೇಳುವುದಿಲ್ಲ, ತನ್ನ ಅಳತೆಯಲ್ಲೇ ಅಳೆದುಕೊಡುತ್ತದೆ.

ಆ ಅಳತೆ ಎಲ್ಲ ಸೆಟ್ಟಿಂಗ್‌ಗೂ ಒಂದೇ ಆಗಿದ್ದರೆ ಕಲಿತುಬಿಡಬಹುದಿತ್ತು. ಆದರೆ ಅದೇ ಫೈಲಿನಲ್ಲಿ ಅದೇ 64 ಬೇರೆ ಬೇರೆ ಸಾಲಿನಲ್ಲಿ ಹೀಗೆಲ್ಲ ಆಗುತ್ತದೆ:

ಶೇರ್ಡ್_ಬಫರ್ಸ್ = 64 ಎಂದರೆ 512 ಕೆಬಿ
ಮ್ಯಾಕ್ಸ್_ವಾಲ್_ಸೈಜ್ = 64 ಎಂದರೆ 64 ಎಂಬಿ
ಸ್ಟೇಟ್‌ಮೆಂಟ್_ಟೈಮ್‌ಔಟ್ = 64 ಎಂದರೆ 64 ಮಿಲಿಸೆಕೆಂಡ್
ಚೆಕ್‌ಪಾಯಿಂಟ್_ಟೈಮ್‌ಔಟ್ = 64 ಎಂದರೆ 64 ಸೆಕೆಂಡ್
ಲಾಗ್_ರೊಟೇಶನ್_ಏಜ್ = 64 ಎಂದರೆ 64 ನಿಮಿಷ

ಇಲ್ಲಿ ಹೆಸರುಗಳನ್ನೂ ಕಮಾಂಡ್‌ಗಳನ್ನೂ ಕನ್ನಡ ಅಕ್ಷರದಲ್ಲೇ ಕೊಟ್ಟಿದೆ. ಫೈಲಿನಲ್ಲಿ ಬರೆಯುವಾಗ ಸೆಟ್ಟಿಂಗ್ ಹೆಸರು ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ, ನಡುವೆ ಅಡಿಗೆರೆ ಇಟ್ಟು ಇರಲಿ. ಹೆಸರಿನಲ್ಲಿ ಬರುವ ವಾಲ್ ಎಂದರೆ ಡೇಟಾದ ಬದಲಾವಣೆಗಳನ್ನು ಮೊದಲು ಬರೆದಿಡುವ ಲಾಗ್.

ಈ ಗೊಂದಲದ ಮೂಲ

ಸೆಟ್ಟಿಂಗ್‌ನಲ್ಲಿ ಅಳತೆಯ ಹೆಸರು ಬರೆಯುವ ಸೌಲಭ್ಯ ಬಂದದ್ದು 2006ರ ಕೊನೆಯಲ್ಲಿ ಹೊರಬಂದ 8.2 ಆವೃತ್ತಿಯಲ್ಲಿ. ಅದಕ್ಕೂ ಮೊದಲು ಬರೀ ಅಂಕಿಯನ್ನೇ ಬರೆಯಬೇಕಿತ್ತು, ಒಳಗಿನ ಕೋಡ್ ಯಾವುದನ್ನು ಹೇಗೆ ಎಣಿಸುತ್ತಿತ್ತೋ ಅಂಕಿಗೆ ಅದೇ ಅರ್ಥ. ಶೇರ್ಡ್ ಬಫರ್ ಎಂದರೆ ಡೇಟಾ ಪುಟಗಳ ಸಾಲು, ಆದ್ದರಿಂದ ಅದರ ಲೆಕ್ಕ ಪುಟಗಳಲ್ಲಿ. ಒಂದು ಪುಟ 8 ಕೆಬಿ. ಸಾರ್ಟ್ ಮಾಡುವ ಜಾಗದ ಲೆಕ್ಕ ಕೆಬಿಯಲ್ಲಿ. ಅಳತೆಯ ಹೆಸರು ಬಂದ ಮೇಲೂ ಬರೀ ಅಂಕಿಯ ಹಳೆಯ ಅರ್ಥವನ್ನು ಹಾಗೆಯೇ ಉಳಿಸಿಕೊಂಡರು, ಹಳೆಯ ಫೈಲುಗಳು ಕೆಡಬಾರದಲ್ಲ. ಆಗ ಅದು ಸರಿಯಾದ ತೀರ್ಮಾನವೇ. ಅದರ ಬಾಡಿಗೆಯನ್ನು ನಾವು ಇಂದಿಗೂ ಕಟ್ಟುತ್ತಿದ್ದೇವೆ.

ಹೆಚ್ಚು ಬಳಸುವ ಸೆಟ್ಟಿಂಗ್‌ಗಳ ಮೂಲ ಅಳತೆ ಹೀಗಿದೆ. 8 ಕೆಬಿ ಪುಟಗಳಲ್ಲಿ: ಶೇರ್ಡ್_ಬಫರ್ಸ್, ಎಫೆಕ್ಟಿವ್_ಕ್ಯಾಶ್_ಸೈಜ್, ಟೆಂಪ್_ಬಫರ್ಸ್, ವಾಲ್_ಬಫರ್ಸ್. ಕೆಬಿಯಲ್ಲಿ: ವರ್ಕ್_ಮೆಮ್, ಮೇಂಟೆನೆನ್ಸ್_ವರ್ಕ್_ಮೆಮ್, ಲಾಗ್_ರೊಟೇಶನ್_ಸೈಜ್, ಟೆಂಪ್_ಫೈಲ್_ಲಿಮಿಟ್. ಎಂಬಿಯಲ್ಲಿ: ಮ್ಯಾಕ್ಸ್_ವಾಲ್_ಸೈಜ್, ಮಿನ್_ವಾಲ್_ಸೈಜ್, ವಾಲ್_ಕೀಪ್_ಸೈಜ್. ಮಿಲಿಸೆಕೆಂಡಿನಲ್ಲಿ: ಸ್ಟೇಟ್‌ಮೆಂಟ್_ಟೈಮ್‌ಔಟ್, ಲಾಕ್_ಟೈಮ್‌ಔಟ್, ಡೆಡ್‌ಲಾಕ್_ಟೈಮ್‌ಔಟ್, ಲಾಗ್_ಮಿನ್_ಡ್ಯುರೇಶನ್_ಸ್ಟೇಟ್‌ಮೆಂಟ್. ಸೆಕೆಂಡಿನಲ್ಲಿ: ಚೆಕ್‌ಪಾಯಿಂಟ್_ಟೈಮ್‌ಔಟ್, ಆಟೋವ್ಯಾಕ್ಯೂಮ್_ನ್ಯಾಪ್‌ಟೈಮ್, ಆಥೆಂಟಿಕೇಶನ್_ಟೈಮ್‌ಔಟ್, ಆರ್ಕೈವ್_ಟೈಮ್‌ಔಟ್. ಇದನ್ನು ಬಾಯಿಪಾಠ ಮಾಡಬೇಕಿಲ್ಲ. ಅಂಕಿಯ ಪಕ್ಕ ಅಳತೆ ಬರೆಯುವ ಅಭ್ಯಾಸವಿದ್ದರೆ ಈ ಪಟ್ಟಿ ಬೇರೆಯವರು ಬರೆದಿಟ್ಟ ಫೈಲ್ ಓದುವಾಗ ಮಾತ್ರ ಬೇಕಾಗುತ್ತದೆ.

ಬರೆಯುವುದು ಹೇಗೆ

ಮೆಮೊರಿಗೆ ಐದು ಅಳತೆಗಳಿವೆ: ಬೈಟ್ (ಬರೀ ಬಿ), ಕೆಬಿ, ಎಂಬಿ, ಜಿಬಿ, ಟಿಬಿ. ಅಕ್ಷರದ ದೊಡ್ಡದು ಚಿಕ್ಕದು ಇಲ್ಲಿ ಲೆಕ್ಕಕ್ಕೆ ಬರುತ್ತದೆ. ಕೆಬಿಯಲ್ಲಿ ಕೆ ಸಣ್ಣದು, ಬಿ ದೊಡ್ಡದು. ಉಳಿದವುಗಳಲ್ಲಿ ಎಲ್ಲ ಅಕ್ಷರವೂ ದೊಡ್ಡದು. ಎರಡೂ ದೊಡ್ಡ ಅಕ್ಷರದ ಕೆಬಿಯನ್ನಾಗಲಿ, ಎರಡೂ ಸಣ್ಣ ಅಕ್ಷರದ ಎಂಬಿಯನ್ನಾಗಲಿ, ಬಿ ಇಲ್ಲದ ಬರೀ ಎಂ ಅನ್ನಾಗಲಿ ಸರ್ವರ್ ಒಪ್ಪುವುದಿಲ್ಲ. ಕೊನೆಯದು ಮೈಎಸ್‌ಕ್ಯೂಎಲ್ ಎಂಬ ಇನ್ನೊಂದು ಡೇಟಾಬೇಸಿನ ಕಡೆಯಿಂದ ಬಂದವರ ಕೈಯಲ್ಲಿ ಪದೇ ಪದೇ ಆಗುವ ತಪ್ಪು.

ಸಮಯದ ಅಳತೆಗಳೆಲ್ಲ ಸಣ್ಣ ಅಕ್ಷರದವು. ಮೈಕ್ರೋಸೆಕೆಂಡಿಗೆ ಯು ಎಸ್, ಮಿಲಿಸೆಕೆಂಡಿಗೆ ಎಂ ಎಸ್, ಸೆಕೆಂಡಿಗೆ ಎಸ್, ನಿಮಿಷಕ್ಕೆ ಎಂ ಐ ಎನ್, ಗಂಟೆಗೆ ಎಚ್, ದಿನಕ್ಕೆ ಡಿ. ನಿಮಿಷಕ್ಕೆ ಬರೀ ಎಂ ಎಂದು ಬರೆದರೆ ನಡೆಯದು, ಮೂರೂ ಅಕ್ಷರ ಬೇಕು. ಮೈಕ್ರೋಸೆಕೆಂಡ್ ಸೇರಿದ್ದು 12ನೇ ಆವೃತ್ತಿಯಲ್ಲಿ, ಬೈಟ್ ಸೇರಿದ್ದು 11ರಲ್ಲಿ. ಹಳೆಯ ಸರ್ವರಿಗೂ ಹೊಸದಕ್ಕೂ ಒಂದೇ ಫೈಲ್ ಹಂಚುವವರು ಇವೆರಡನ್ನು ಬಿಟ್ಟರೆ ಒಳ್ಳೆಯದು.

ಇನ್ನು ಕೋಟ್ ಗುರುತಿನ ವಿಷಯ. ಕಾನ್ಫಿಗ್ ಫೈಲಿನಲ್ಲಿ 64ಎಂಬಿ ಎಂದು ಅಂಟಿಸಿ ಬರೆದರೆ ಕೋಟ್ ಇಲ್ಲದೆಯೂ ನಡೆಯುತ್ತದೆ. ನಡುವೆ ಜಾಗ ಬಿಟ್ಟರೆ ಕೋಟ್ ಬೇಕೇ ಬೇಕು. ಎಸ್‌ಕ್ಯೂಎಲ್ ಕಮಾಂಡ್‌ನಲ್ಲಂತೂ ಯಾವಾಗಲೂ ಬೇಕು:

ಸೆಟ್ ವರ್ಕ್_ಮೆಮ್ = '64ಎಂಬಿ';

ಕೋಟ್ ತೆಗೆದರೆ ಇದು ಸಿಂಟ್ಯಾಕ್ಸ್ ದೋಷ. ಆಗ ಅವಸರದಲ್ಲಿದ್ದವರು ಏನು ಮಾಡುತ್ತಾರೆ? ಎಂಬಿಯನ್ನೇ ಅಳಿಸಿ 64 ಎಂದು ಕೊಡುತ್ತಾರೆ. ದೋಷ ಮಾಯವಾಗುತ್ತದೆ, ಕ್ವೆರಿ ಮೊದಲಿಗಿಂತ ನಿಧಾನವಾಗುತ್ತದೆ. ಫೈಲ್ ಇರಲಿ, ಕಮಾಂಡ್ ಇರಲಿ, ಅಳತೆ ಇದ್ದಲ್ಲೆಲ್ಲ ಒಂಟಿ ಕೋಟ್ ಹಾಕಿಬಿಟ್ಟರೆ ಎಲ್ಲಿ ಬೇಕು ಎಲ್ಲಿ ಬೇಡ ಎಂಬ ಯೋಚನೆಯೇ ಇರುವುದಿಲ್ಲ.

ದಶಾಂಶ ಬರೆಯಬಹುದೇ? 12ನೇ ಆವೃತ್ತಿಯಿಂದ '1.5ಜಿಬಿ' ನಡೆಯುತ್ತದೆ, ಕೋಟ್ ಜೊತೆಗೆ. ಆದರೆ ಸರ್ವರ್ ಅದನ್ನು ಮುಂದಿನ ಚಿಕ್ಕ ಅಳತೆಗೆ ಸರಿಹೊಂದಿಸಿಕೊಳ್ಳುತ್ತದೆ. '30.1ಜಿಬಿ' ಎಂದರೆ 30822 ಎಂಬಿ ಆಗುತ್ತದೆ, ಚೂರುಪಾರು ಬಿಟ್ಟುಹೋಗುತ್ತದೆ. '1536ಎಂಬಿ' ಎಂದು ಪೂರ್ಣಾಂಕದಲ್ಲೇ ಬರೆದರೆ 8.2ರಿಂದ ಈಚಿನ ಯಾವ ಆವೃತ್ತಿಯಲ್ಲೂ ಕೆಲಸ ಮಾಡುತ್ತದೆ, ಓದುವವರಿಗೂ ಅನುಮಾನವಿಲ್ಲ.

ಗುಣಕ ಯಾವಾಗಲೂ 1024, 1000 ಅಲ್ಲ. ಈ ಮಾತಿಗೆ ಕಂಟೇನರ್ ವಿಷಯ ಬಂದಾಗ ಹಿಂತಿರುಗೋಣ.

ಸರ್ವರ್ ಏನು ಓದಿಕೊಂಡಿತು ಎಂದು ನೋಡುವುದು

ಶೋ ವರ್ಕ್_ಮೆಮ್ ಎಂದರೆ ಸರ್ವರ್ ತಾನೇ ಅಳತೆ ಸೇರಿಸಿ ತೋರಿಸುತ್ತದೆ. ಶೇಷವಿಲ್ಲದೆ ಭಾಗವಾಗುವ ಅತಿ ದೊಡ್ಡ ಅಳತೆಯನ್ನು ಅದು ಆರಿಸಿಕೊಳ್ಳುತ್ತದೆ: 300 ಎಂದು ಬರೆದ ಚೆಕ್‌ಪಾಯಿಂಟ್_ಟೈಮ್‌ಔಟ್ 5 ನಿಮಿಷವಾಗಿ, 1024 ಎಂದು ಬರೆದ ಮ್ಯಾಕ್ಸ್_ವಾಲ್_ಸೈಜ್ 1 ಜಿಬಿಯಾಗಿ ಕಾಣುತ್ತದೆ. ಏನನ್ನೇ ಬದಲಾಯಿಸಿದರೂ ಮುಂದಿನ ಕಮಾಂಡ್ ಶೋ ಆಗಿರಬೇಕು. ಅರ್ಧ ನಿಮಿಷದ ಕೆಲಸ, ಈ ಲೇಖನದ ಬಹುಪಾಲು ತೊಂದರೆ ಅಲ್ಲಿಯೇ ಸಿಕ್ಕಿಬೀಳುತ್ತದೆ.

ಎಲ್ಲವನ್ನೂ ಒಟ್ಟಿಗೆ ನೋಡಲು ಪಿಜಿ_ಸೆಟ್ಟಿಂಗ್ಸ್ ಎಂಬ ವ್ಯೂ (ಟೇಬಲ್‌ನಂತೆ ಕ್ವೆರಿ ಮಾಡಬಹುದಾದ ನೋಟ) ಇದೆ:

ಸೆಲೆಕ್ಟ್ ನೇಮ್, ಸೆಟ್ಟಿಂಗ್, ಯೂನಿಟ್, ಸೋರ್ಸ್ ಫ್ರಮ್ ಪಿಜಿ_ಸೆಟ್ಟಿಂಗ್ಸ್ ವೇರ್ ಯೂನಿಟ್ ಈಸ್ ನಾಟ್ ನಲ್;

ಇದರಲ್ಲಿ ಸೆಟ್ಟಿಂಗ್ ಕಾಲಂ ಮೂಲ ಅಳತೆಯ ಅಂಕಿಯನ್ನು ಕೊಡುತ್ತದೆ, ಯೂನಿಟ್ ಕಾಲಂ ಆ ಅಳತೆ ಯಾವುದೆಂದು ಹೇಳುತ್ತದೆ. ಎರಡನ್ನೂ ಗುಣಿಸಿಯೇ ಓದಬೇಕು. ಡೀಫಾಲ್ಟ್ ಶೇರ್ಡ್_ಬಫರ್ಸ್ 128 ಎಂಬಿ. ಇಲ್ಲಿ ಅದು 16384 ಎಂದೂ ಯೂನಿಟ್ 8 ಕೆಬಿ ಎಂದೂ ಕಾಣುತ್ತದೆ. ಮಾನಿಟರಿಂಗ್ ಸ್ಕ್ರಿಪ್ಟ್ ಬರೆಯುವವರು ಯೂನಿಟ್ ಕಾಲಂ ನೋಡದೆ 16384 ಅನ್ನು ಎಂಬಿ ಎಂದುಕೊಂಡು ಗ್ರಾಫ್ ಹಾಕಿದರೆ 16 ಜಿಬಿಯ ಬಫರ್ ಇದೆಯೆಂದು ಎಲ್ಲರೂ ನಿಶ್ಚಿಂತೆಯಿಂದ ಇರುತ್ತಾರೆ. ಸ್ಕ್ರಿಪ್ಟಿಗೆ ಬೈಟ್ ಬೇಕಿದ್ದರೆ ಕೈಲೆಕ್ಕ ಬೇಡ. ಕರೆಂಟ್_ಸೆಟ್ಟಿಂಗ್ ಫಂಕ್ಷನ್ ಕೊಟ್ಟದ್ದನ್ನು ಪಿಜಿ_ಸೈಜ್_ಬೈಟ್ಸ್ ಫಂಕ್ಷನ್‌ಗೆ ಕೊಡಿ.

16 ಜಿಬಿ ರ‍್ಯಾಮ್ ಇರುವ, ಡೇಟಾಬೇಸಿಗೇ ಮೀಸಲಾದ ಯಂತ್ರದ ಒಂದು ಉದಾಹರಣೆ ಇಟ್ಟುಕೊಳ್ಳೋಣ. ಶೇರ್ಡ್_ಬಫರ್ಸ್‌ಗೆ ರ‍್ಯಾಮಿನ ಕಾಲುಭಾಗ ಎಂಬುದು ಅಧಿಕೃತ ಕೈಪಿಡಿಯ ಆರಂಭದ ಸಲಹೆ, ಅಂದರೆ '4ಜಿಬಿ'. ಎಫೆಕ್ಟಿವ್_ಕ್ಯಾಶ್_ಸೈಜ್ '12ಜಿಬಿ', ಮೇಂಟೆನೆನ್ಸ್_ವರ್ಕ್_ಮೆಮ್ '1ಜಿಬಿ', ವರ್ಕ್_ಮೆಮ್ '32ಎಂಬಿ', ಮ್ಯಾಕ್ಸ್_ವಾಲ್_ಸೈಜ್ '4ಜಿಬಿ'. ಪಿಜಿ_ಸೆಟ್ಟಿಂಗ್ಸ್‌ನಲ್ಲಿ ಇವು ಕ್ರಮವಾಗಿ 524288, 1572864, 1048576, 32768, 4096 ಎಂದು ಕಾಣಬೇಕು. ಮೊದಲನೆಯದೂ ಕೊನೆಯದೂ ಒಂದೇ 4 ಜಿಬಿ, ಅಂಕಿ ಮಾತ್ರ 128 ಪಟ್ಟು ಬೇರೆ. ಒಂದು ಸಾಲಿನ ಅಂಕಿಯನ್ನು ಇನ್ನೊಂದಕ್ಕೆ ನಕಲು ಮಾಡಬಾರದು ಎನ್ನುವುದಕ್ಕೆ ಬೇರೆ ಸಾಕ್ಷಿ ಬೇಡ.

ರೀಲೋಡ್ ಸುಳ್ಳು ಹೇಳುತ್ತದೆ

ಪಿಜಿ_ರೀಲೋಡ್_ಕಾನ್ಫ್ ಫಂಕ್ಷನ್ ‘ಟಿ’ ಎಂದು ಉತ್ತರಿಸಿದರೆ ಹೊಸ ಬೆಲೆ (ಸೆಟ್ಟಿಂಗ್‌ಗೆ ಕೊಟ್ಟ ಮೌಲ್ಯ) ಒಪ್ಪಿತವಾಯಿತು ಎಂದು ಅರ್ಥವಲ್ಲ. ಸರ್ವರಿಗೆ ಸಿಗ್ನಲ್ ತಲುಪಿತು ಎಂದಷ್ಟೇ. ಅಳತೆಯ ಅಕ್ಷರ ತಪ್ಪಿದ್ದರೆ ಸರ್ವರ್ ಆ ಸಾಲನ್ನು ಬಿಟ್ಟು, ಹಳೆಯ ಬೆಲೆಯಲ್ಲೇ ಮುಂದುವರಿದು, ಲಾಗ್‌ನಲ್ಲಿ ದೂರು ಬರೆಯುತ್ತದೆ. ಯಾವ ಅಳತೆಗಳು ನಡೆಯುತ್ತವೆ ಎಂಬ ಸುಳಿವೂ ಅಲ್ಲೇ ಇರುತ್ತದೆ. ಲಾಗ್ ನೋಡದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಸಿಂಟ್ಯಾಕ್ಸೇ ತಪ್ಪಿದ್ದರೆ, ಉದಾಹರಣೆಗೆ ಕೋಟ್ ಇಲ್ಲದೆ ನಡುವೆ ಜಾಗ ಬಿಟ್ಟಿದ್ದರೆ, ಆ ಒಂದು ಸಾಲಿಗಾಗಿ ಫೈಲಿನ ಬೇರಾವ ಬದಲಾವಣೆಯೂ ಜಾರಿಯಾಗುವುದಿಲ್ಲ.

ಇದು ಅಲ್ಲಿಗೇ ಮುಗಿದರೆ ಪರವಾಗಿಲ್ಲ. ಅದೇ ತಪ್ಪು ಸಾಲು ಇರುವ ಫೈಲಿನೊಂದಿಗೆ ಸರ್ವರ್ ಸ್ಟಾರ್ಟ್ ಆಗುವುದೇ ಇಲ್ಲ. ರೀಲೋಡ್ ಆದಾಗ ಸುಮ್ಮನಿದ್ದ ತಪ್ಪು, ತಿಂಗಳುಗಳ ಮೇಲೆ ಯಾವುದೋ ಕರ್ನಲ್ ಅಪ್‌ಡೇಟಿಗೆಂದು ನಡುರಾತ್ರಿ ರೀಸ್ಟಾರ್ಟ್ ಮಾಡಿದಾಗ ಎದ್ದು ಕೂರುತ್ತದೆ. ಅಷ್ಟು ಹೊತ್ತಿಗೆ ಆ ಸಾಲು ಬರೆದವರು ಬೇರೆ ಕೆಲಸಕ್ಕೆ ಹೋಗಿರುತ್ತಾರೆ.

ತಡೆಯಲು ಎರಡು ದಾರಿಗಳಿವೆ. ಫೈಲ್ ತಿದ್ದಿದ ಮೇಲೆ, ರೀಲೋಡ್‌ಗೂ ಮೊದಲೇ, ಸೂಪರ್‌ಯೂಸರ್ ಆಗಿ ಪಿಜಿ_ಫೈಲ್_ಸೆಟ್ಟಿಂಗ್ಸ್ ವ್ಯೂನಲ್ಲಿ ಎರರ್ ಕಾಲಂ ಖಾಲಿ ಇಲ್ಲದ ಸಾಲುಗಳನ್ನು ಕೇಳಿ. ಆ ವ್ಯೂ ಈಗ ಡಿಸ್ಕಿನಲ್ಲಿರುವ ಫೈಲನ್ನೇ ಓದುತ್ತದೆ, ಸಾಲಿನ ಸಂಖ್ಯೆಯನ್ನೂ ಕೊಡುತ್ತದೆ. ಇನ್ನೊಂದು, ಫೈಲನ್ನು ಕೈಯಿಂದ ಮುಟ್ಟದೆ ಆಲ್ಟರ್ ಸಿಸ್ಟಮ್ ಸೆಟ್ ಕಮಾಂಡ್ ಬಳಸುವುದು. ಅದು ಬೆಲೆಯನ್ನು ಆ ಕ್ಷಣವೇ ಪರೀಕ್ಷಿಸುತ್ತದೆ, ಎರಡು ದೊಡ್ಡ ಅಕ್ಷರದ ಕೆಬಿ ಕೊಟ್ಟರೆ ಮುಖಕ್ಕೇ ದೋಷ ಹೇಳುತ್ತದೆ. ಆದರೆ ಅದು ಬರೆಯುವುದು ಡೇಟಾ ಡೈರೆಕ್ಟರಿಯ ಪೋಸ್ಟ್‌ಗ್ರೆಸ್‌ಕ್ಯೂಎಲ್.ಆಟೋ.ಕಾನ್ಫ್ ಫೈಲಿಗೆ, ಮತ್ತು ಅದರ ಮಾತು ಮುಖ್ಯ ಫೈಲಿನ ಮಾತಿಗಿಂತ ಮೇಲು. ಎರಡೂ ಕಡೆ ಒಂದೇ ಸೆಟ್ಟಿಂಗ್ ಇಟ್ಟುಕೊಂಡರೆ ಮುಖ್ಯ ಫೈಲನ್ನು ಎಷ್ಟು ತಿದ್ದಿದರೂ ಏನೂ ಆಗುವುದಿಲ್ಲ.

ತಪ್ಪದೆ ಬರೆದರೂ ತಪ್ಪುವ ಜಾಗಗಳು

ಅತಿ ಹೆಚ್ಚು ಅನಾಹುತ ಮಾಡುವುದು ಸ್ಟೇಟ್‌ಮೆಂಟ್_ಟೈಮ್‌ಔಟ್ = 30. ಬರೆದವರ ಲೆಕ್ಕದಲ್ಲಿ 30 ಸೆಕೆಂಡ್, ಸರ್ವರಿನ ಲೆಕ್ಕದಲ್ಲಿ 30 ಮಿಲಿಸೆಕೆಂಡ್. ಚಿಕ್ಕ ಕ್ವೆರಿಗಳು ಪಾರಾಗುತ್ತವೆ, ಸ್ವಲ್ಪ ತೂಕದವೆಲ್ಲ ಟೈಮ್‌ಔಟ್ ಎಂದು ಸಾಯುತ್ತವೆ. ಹೀಗಾಗಿ ತೊಂದರೆ ಆ್ಯಪ್‌ನ ಕೆಲವೇ ಪುಟಗಳಲ್ಲಿ ಕಂಡು, ಎಲ್ಲರೂ ಆ್ಯಪ್‌ನಲ್ಲೇ ಹುಡುಕುತ್ತಾರೆ. ಪಿಜಿ_ಡಂಪ್ ತನ್ನ ಸೆಷನ್‌ಗೆ ಈ ಮಿತಿಯನ್ನು ತಾನೇ ತೆಗೆದುಹಾಕಿಕೊಳ್ಳುವುದರಿಂದ ಬ್ಯಾಕಪ್ ಸರಿಯಾಗಿಯೇ ನಡೆಯುತ್ತದೆ, ‘ಡೇಟಾಬೇಸ್ ಚೆನ್ನಾಗಿದೆ’ ಎಂಬ ಭ್ರಮೆ ಗಟ್ಟಿಯಾಗುತ್ತದೆ. ಸರಿಪಡಿಸಲು ಪಿಜಿಆಪ್ಶನ್ಸ್ ಎನ್ವಿರಾನ್‌ಮೆಂಟ್ ವೇರಿಯಬಲ್‌ನಲ್ಲಿ ‘-ಸಿ ಸ್ಟೇಟ್‌ಮೆಂಟ್_ಟೈಮ್‌ಔಟ್=0’ ಇಟ್ಟು ಪಿಎಸ್‌ಕ್ಯೂಎಲ್ ಎಂಬ ಕಮಾಂಡ್ ಸಾಲಿನ ಕ್ಲೈಂಟ್‌ನಿಂದ ಒಳಹೋಗಿ. ಫೈಲಿನ ಮಿತಿಯಾಗಲಿ ಆ ಯೂಸರಿಗೆ ಹಾಕಿದ ಮಿತಿಯಾಗಲಿ ನಿಮ್ಮ ಸೆಷನ್‌ಗೆ ತಾಗುವುದಿಲ್ಲ, ನಿಧಾನವಾಗಿ ತಿದ್ದಬಹುದು. ಇದೇ ಸೆಟ್ಟಿಂಗ್‌ಗೆ ಮೇಲಿನ ಮಿತಿಯೂ ಇದೆ: ಅಂಕಿ 2147483647 ಮಿಲಿಸೆಕೆಂಡ್ ದಾಟಬಾರದು, ಹಾಗಾಗಿ 24 ದಿನ ನಡೆಯುತ್ತದೆ, 30 ದಿನ ನಡೆಯುವುದಿಲ್ಲ.

ಮೂಲ ಅಳತೆಗಿಂತ ಚಿಕ್ಕದನ್ನು ಕೊಟ್ಟರೆ ಸರ್ವರ್ ಹತ್ತಿರದ ಪೂರ್ಣಾಂಕಕ್ಕೆ ಒಯ್ಯುತ್ತದೆ. ಲಾಗ್_ರೊಟೇಶನ್_ಏಜ್‌ನ ಲೆಕ್ಕ ನಿಮಿಷದಲ್ಲಿ. ಪರೀಕ್ಷೆಗೆಂದು '20ಎಸ್' ಕೊಟ್ಟರೆ ಅದು 0 ಆಗುತ್ತದೆ. ಇಲ್ಲಿ 0 ಎಂದರೆ ಸಮಯ ನೋಡಿ ಲಾಗ್ ಫೈಲ್ ಬದಲಿಸುವುದೇ ಬೇಡ ಎಂದು. ಬೇಗ ಬದಲಾಗಲಿ ಎಂದು ಕೇಳಿದವರಿಗೆ ಬದಲಾಗುವುದೇ ನಿಂತುಹೋಗುತ್ತದೆ.

0 ಮತ್ತು -1ಕ್ಕೆ ಅಳತೆ ಇಲ್ಲ, ಒಂದೇ ಅರ್ಥವೂ ಇಲ್ಲ. ಸ್ಟೇಟ್‌ಮೆಂಟ್_ಟೈಮ್‌ಔಟ್‌ನಲ್ಲಿ 0 ಎಂದರೆ ಮಿತಿ ಇಲ್ಲ. ಲಾಗ್_ಮಿನ್_ಡ್ಯುರೇಶನ್_ಸ್ಟೇಟ್‌ಮೆಂಟ್‌ನಲ್ಲಿ 0 ಎಂದರೆ ಪ್ರತಿಯೊಂದು ಕ್ವೆರಿಯನ್ನೂ ಲಾಗ್ ಮಾಡು ಎಂದು. ಅಲ್ಲಿ ಬೇಡ ಎನ್ನಲು -1. ಟೆಂಪ್_ಫೈಲ್_ಲಿಮಿಟ್‌ನಲ್ಲಿ -1 ಎಂದರೆ ಎಷ್ಟಾದರೂ ಸರಿ. ವಾಲ್_ಬಫರ್ಸ್‌ನಲ್ಲಿ -1 ಎಂದರೆ ಶೇರ್ಡ್_ಬಫರ್ಸ್ ನೋಡಿ ನೀನೇ ತೀರ್ಮಾನಿಸು ಎಂದು. ಆಫ್ ಮಾಡುವ ಉದ್ದೇಶದಿಂದ ಎಲ್ಲಕ್ಕೂ 0 ಹಾಕುವವರ ಡಿಸ್ಕ್ ಲಾಗ್‌ನಿಂದಲೇ ತುಂಬುತ್ತದೆ.

ಅಳತೆಯೇ ಇಲ್ಲದ ಅಂಕಿಗಳಲ್ಲಿ ಅಪಾಯಕಾರಿ ಎಂದರೆ ಆಟೋವ್ಯಾಕ್ಯೂಮ್_ವ್ಯಾಕ್ಯೂಮ್_ಸ್ಕೇಲ್_ಫ್ಯಾಕ್ಟರ್. ಇದು ಶೇಕಡಾ ಅಲ್ಲ, ಭಾಗ. ಡೀಫಾಲ್ಟ್ 0.2 ಎಂದರೆ ಟೇಬಲ್‌ನ ಐದನೇ ಒಂದರಷ್ಟು ಸಾಲುಗಳು ಸತ್ತ ಮೇಲೆ (ಅಳಿಸಿದ್ದರಿಂದ ಇಲ್ಲವೇ ಬದಲಿಸಿದ್ದರಿಂದ ಹಳತಾದ ಮೇಲೆ) ವ್ಯಾಕ್ಯೂಮ್, ಅಂದರೆ ಅವುಗಳ ಜಾಗ ತೆರವು ಮಾಡುವ ಕೆಲಸ. ಯಾರಾದರೂ 5 ಶೇಕಡಾ ಎಂದುಕೊಂಡು 5 ಬರೆದರೆ, ಟೇಬಲ್‌ನ ಐದು ಪಟ್ಟು ಸಾಲು ಸಾಯುವ ತನಕ ಕಾಯಿ ಎಂದಾಗುತ್ತದೆ. ಒಪ್ಪುವ ವ್ಯಾಪ್ತಿ 0ಯಿಂದ 100ರ ತನಕ ಇರುವುದರಿಂದ ದೋಷವೂ ಬರುವುದಿಲ್ಲ. ಟೇಬಲ್ ಊದಿಕೊಳ್ಳುತ್ತಾ ಹೋಗುತ್ತದೆ. ಹಾಗೆಯೇ ಆಟೋವ್ಯಾಕ್ಯೂಮ್_ಫ್ರೀಜ್_ಮ್ಯಾಕ್ಸ್_ಏಜ್‌ನ ಹೆಸರಿನಲ್ಲಿ ವಯಸ್ಸಿದ್ದರೂ ಅದು ಸಮಯವಲ್ಲ, ಟ್ರಾನ್ಸಾಕ್ಷನ್‌ಗಳ ಎಣಿಕೆ; ಡೀಫಾಲ್ಟ್ 20 ಕೋಟಿ.

ಅಪ್‌ಗ್ರೇಡ್ ಮಾಡುವಾಗ ಅಳತೆ ಬದಲಾಗುವುದೂ ಉಂಟು. 12ರ ತನಕ ವಾಲ್_ಕೀಪ್_ಸೆಗ್ಮೆಂಟ್ಸ್ ಎಂದಿದ್ದದ್ದು 13ರಲ್ಲಿ ವಾಲ್_ಕೀಪ್_ಸೈಜ್ ಆಯಿತು. ಹಿಂದೆ ಅಂಕಿ ಸೆಗ್ಮೆಂಟ್‌ಗಳದ್ದು (ವಾಲ್ ಫೈಲುಗಳದ್ದು), ಸಾಮಾನ್ಯವಾಗಿ ಒಂದು ಸೆಗ್ಮೆಂಟ್ 16 ಎಂಬಿ. ಈಗ ಬರೀ ಅಂಕಿ ಎಂಬಿಯದ್ದು. ಹೆಸರು ಮಾತ್ರ ಬದಲಿಸಿ 64 ಅನ್ನು ಹಾಗೇ ಉಳಿಸಿದರೆ 1 ಜಿಬಿ ಇದ್ದ ಜಾಗದಲ್ಲಿ 64 ಎಂಬಿ ಉಳಿಯುತ್ತದೆ. ಸ್ವಲ್ಪ ಹೊತ್ತು ನೆಟ್‌ವರ್ಕ್ ಕಡಿದರೆ ಸ್ಟ್ಯಾಂಡ್‌ಬೈ (ಡೇಟಾದ ಪ್ರತಿ ಇಟ್ಟುಕೊಳ್ಳುವ) ಸರ್ವರಿಗೆ ಬೇಕಾದ ಸೆಗ್ಮೆಂಟ್ ಸಿಗದೆ ಹೋಗಬಹುದು.

ಪಕ್ಕದ ಮನೆಗಳ ಅಳತೆ

ಪೋಸ್ಟ್‌ಗ್ರೆಸ್ ಒಂದೇ ಇರುವ ಕಡೆ ಕಡಿಮೆ. ಮುಂದೆ ಕನೆಕ್ಷನ್‌ಗಳನ್ನು ಹಂಚುವ ಪಿಜಿಬೌನ್ಸರ್ ಇದ್ದರೆ ಅದರ ಕ್ವೆರಿ_ಟೈಮ್‌ಔಟ್ ಸೆಕೆಂಡಿನಲ್ಲಿ. ಜಾವಾ ಆ್ಯಪ್ ಆದರೆ ಪೋಸ್ಟ್‌ಗ್ರೆಸ್ ಜೆಡಿಬಿಸಿ ಡ್ರೈವರಿನ ಸಾಕೆಟ್‌ಟೈಮ್‌ಔಟ್ ಸೆಕೆಂಡಿನಲ್ಲಿ, ಅದರ ಮೇಲೆ ಕೂತ ಕನೆಕ್ಷನ್ ಪೂಲ್ ಹಿಕಾರಿಸಿಪಿಯ ಕನೆಕ್ಷನ್‌ಟೈಮ್‌ಔಟ್ ಮಿಲಿಸೆಕೆಂಡಿನಲ್ಲಿ. ಒಂದೇ ಕ್ವೆರಿ ಸಾಗುವ ದಾರಿಯಲ್ಲಿ ಅಳತೆ ಎರಡು ಮೂರು ಸಲ ಬದಲಾಗುತ್ತದೆ. ಇವುಗಳ ಫೈಲಿನಲ್ಲಿ ಅಂಕಿಯ ಮೇಲಿನ ಸಾಲಿನಲ್ಲಿ ಕಾಮೆಂಟ್ ಹಾಕಿ ಅಳತೆ ಬರೆದಿಡಿ.

ಮೈಎಸ್‌ಕ್ಯೂಎಲ್‌ನಲ್ಲಿ ನಿಯಮ ತಿರುಗುಮುರುಗು. ಆಪ್ಶನ್ ಫೈಲಿನಲ್ಲಿ ಕೆ, ಎಂ, ಜಿ ಎಂಬ ಒಂದೇ ಅಕ್ಷರ. ಸಣ್ಣದೋ ದೊಡ್ಡದೋ ಲೆಕ್ಕವಿಲ್ಲ. ಆದರೆ 4ಜಿಬಿ ಎಂದು ಬಿ ಸೇರಿಸಿದರೆ ದೋಷ. ಸೆಟ್ ಗ್ಲೋಬಲ್ ಕಮಾಂಡ್‌ನಲ್ಲಿ ಆ ಅಕ್ಷರವೂ ನಡೆಯದು, ಬೈಟಿನಲ್ಲೇ ಕೊಡಬೇಕು. 4*1024*1024*1024 ಎಂದು ಗುಣಾಕಾರ ಬರೆಯಬಹುದು. ಫೈಲಿನಲ್ಲಿ ಆ ಗುಣಾಕಾರ ನಡೆಯುವುದಿಲ್ಲ. ಸಮಯದಲ್ಲಿ ವೇಟ್_ಟೈಮ್‌ಔಟ್ ಸೆಕೆಂಡ್, ಮ್ಯಾಕ್ಸ್_ಎಕ್ಸಿಕ್ಯೂಶನ್_ಟೈಮ್ ಮಿಲಿಸೆಕೆಂಡ್.

ಕಂಟೇನರ್‌ಗಳನ್ನು ನಡೆಸುವ ಕುಬರ್ನೆಟೀಸ್‌ನಲ್ಲಿ ಮೆಮೊರಿ ಮಿತಿಯನ್ನು 4ಜಿ ಎಂದರೆ 400 ಕೋಟಿ ಬೈಟ್, 1000ದ ಲೆಕ್ಕ. 4ಜಿಐ ಎಂದರೆ 1024ರ ಲೆಕ್ಕ. ಪೋಸ್ಟ್‌ಗ್ರೆಸ್‌ನ 4ಜಿಬಿ ಹೆಸರಿಗೆ ಮೊದಲನೆಯದರಂತೆ ಕಂಡರೂ ಗಾತ್ರದಲ್ಲಿ ಎರಡನೆಯದು. ವ್ಯತ್ಯಾಸ ಸುಮಾರು 281 ಎಂಬಿ, ಶೇಕಡಾ 7ರಷ್ಟು. ಮೆಮೊರಿಯನ್ನು ಅಂಚಿನ ತನಕ ಹಂಚಿದ ಕಡೆ ಕರ್ನಲ್ ಪ್ರಕ್ರಿಯೆಯನ್ನು ಕೊಲ್ಲಲು ಅಷ್ಟು ಸಾಕು. ಅಲ್ಲಿ ಸಣ್ಣ ಎಂ ಬರೆದರೆ ಅದು ಮೆಗಾ ಅಲ್ಲ, ಸಾವಿರದಲ್ಲಿ ಒಂದು: 400ಎಂ ಎಂದರೆ ಅರ್ಧ ಬೈಟೂ ಇಲ್ಲ.

ಹಳೆಯ ಫೈಲ್ ಕೈಗೆ ಬಂದಾಗ

ಮೊದಲು ಪಿಜಿ_ಸೆಟ್ಟಿಂಗ್ಸ್‌ನಲ್ಲಿ ಯೂನಿಟ್ ಇರುವ, ಸೋರ್ಸ್ ಡೀಫಾಲ್ಟ್ ಅಲ್ಲದ ಸಾಲುಗಳನ್ನು ತೆಗೆದಿಟ್ಟುಕೊಳ್ಳಿ. ಇದು ಈಗಿನ ಸ್ಥಿತಿಯ ದಾಖಲೆ. ಆಮೇಲೆ ಪಿಜಿ_ಫೈಲ್_ಸೆಟ್ಟಿಂಗ್ಸ್ ಜೊತೆ ಹೆಸರಿನ ಮೇಲೆ ಜಾಯಿನ್ ಮಾಡಿ, ಫೈಲಿನ ಬೆಲೆ ಬರೀ ಅಂಕಿಗಳಿಂದಲೇ ಆಗಿರುವ ಸಾಲುಗಳನ್ನು ಆರಿಸಿ. ಪ್ರತಿಯೊಂದಕ್ಕೂ ಶೋ ಏನು ತೋರಿಸುತ್ತದೋ ಅದನ್ನೇ ಫೈಲಿಗೆ ಬರೆಯಿರಿ. ಈ ಹಂತದಲ್ಲಿ ಬೆಲೆ ಬದಲಿಸಬೇಡಿ, ತಪ್ಪು ಎಂದು ಕಂಡರೂ. ಬರವಣಿಗೆ ಮಾತ್ರ ಬದಲಾಗಿದೆ ಎಂದು ಖಚಿತವಾಗಬೇಕಾದರೆ ರೀಲೋಡ್ ಆದ ಮೇಲೆ ತೆಗೆದ ಪಟ್ಟಿಯ ಅಂಕಿಗಳೂ ಮೊದಲಿನವೂ ಒಂದೇ ಇರಬೇಕು. ಬೆಲೆ ತಿದ್ದುವುದು ಆಮೇಲೆ, ಒಂದೊಂದಾಗಿ. ಅವುಗಳಲ್ಲಿ ಶೇರ್ಡ್_ಬಫರ್ಸ್‌ನಂಥವಕ್ಕೆ ರೀಲೋಡ್ ಸಾಲದು. ಪೆಂಡಿಂಗ್_ರೀಸ್ಟಾರ್ಟ್ ಕಾಲಂ ‘ಟಿ’ ತೋರಿಸುತ್ತಿದ್ದರೆ ರೀಸ್ಟಾರ್ಟ್ ಆಗುವ ತನಕ ಶೋ ಹಳೆಯ ಬೆಲೆಯನ್ನೇ ಹೇಳುತ್ತಿರುತ್ತದೆ.